ಅಪ್ಪನ ಮೂವತ್ತೆಂಟು

ಗುಡ್ಡದ ಕ್ಯಾಂಪ್
ಸೋಮವಾರ, ಸಂಜೆ

ಅಕ್ಕಾ, ನನ್ನ ಮುದ್ದಿನ ಅಕ್ಕಾ,

ಬೆಳ್ಳಿ ಸಿಕ್ಕಿಬಿಟ್ಟಿತು! ತಂತಿಯಲ್ಲಿ ಎರಡು ಪದಕ್ಕಷ್ಟೇ ಧೈರ್ಯ ಬಂತು, ಇಲ್ಲಿ ಮನಸೋ ಇಚ್ಛೆ ಕೂಗುತ್ತೇನೆ: ಸಿಕ್ಕಿಬಿಟ್ಟಿತು, ಸಿಕ್ಕಿಬಿಟ್ಟಿತು, ಸಿಕ್ಕಿಬಿಟ್ಟಿತು! ನಮಗೆ ಬುದ್ಧಿ ಬಂದಾಗಿನಿಂದ ಅಪ್ಪ 'ಇದೆ, ಇದೆ' ಎನ್ನುತ್ತಿದ್ದ ಅದಿರಿನ ಎಳೆ ನಿಜವಾಗಿಯೂ ಹಳ್ಳದ ಆಚೆ ಬದಿಯಲ್ಲೇ ಇದೆ. ನಾನು ಅದನ್ನು ನನ್ನ ಈ ಕೈಗಳಿಂದ ಮುಟ್ಟಿದೆ. ಮುಟ್ಟುವುದೇನು, ನೆಕ್ಕಿಯೂ ನೋಡಿದೆ. ನಗಬೇಡ. 'ಮನೇಲಿ ಕಲ್ಲು ನೆಕ್ಕೋರು ಒಬ್ರು ಸಾಲ್ದು ಅಂತ ಇನ್ನೊಬ್ಬನ್ನ ಕಟ್ಕೊಂಡ್ಯಲ್ಲೇ' ಎಂದು ಮದುವೆಯ ದಿನ ನನ್ನ ಕಿವಿಯಲ್ಲಿ ಹೇಳಿದವಳು ನೀನು. ಈಗ ನಮ್ಮ ಮನೆಯಲ್ಲಿ ಕಲ್ಲು ನೆಕ್ಕುವವರು ಮೂವರು. ಇವರು ಮಾತ್ರ ಹೌಹಾರಿ, 'ಅದ್ರಲ್ಲಿ ಸೀಸ ಇರತ್ತೆ ಮಾರಾಯ್ತಿ, ಮೊದ್ಲು ಬಾಯಿ ಮುಕ್ಕಳಿಸು' ಎಂದು ನನ್ನನ್ನು ನಲ್ಲಿಯ ಹತ್ತಿರ ಎಳೆದುಕೊಂಡು ಹೋದರು.

ಎಲ್ಲವನ್ನೂ ಮೊದಲಿನಿಂದ ಹೇಳುತ್ತೇನೆ, ಇರು. ನನ್ನ ಇಂಗ್ಲಿಷ್ ಸ್ಕೂಲಿನ ಕನ್ನಡವನ್ನು ಸಹಿಸಿಕೋ. ಕನ್ನಡದಲ್ಲಿ ಬರೆಯದಿದ್ದರೆ ಓದುವುದೇ ಇಲ್ಲ ಎಂದು ಹೆದರಿಸಿದವಳೂ ನೀನೇ.

ಗುರುವಾರ ಮಧ್ಯಾಹ್ನ ನಾನು ನಮ್ಮ ಎರಡು ಕೋಣೆಯ ತಗಡಿನ ಮನೆಯ ಹಿಂದೆ ಬಟ್ಟೆ ಒಣಹಾಕುತ್ತಿದ್ದೆ. ಇಲ್ಲಿ ಡ್ರಿಲ್ಲಿಂಗ್ ಯಂತ್ರದ ಸದ್ದು ಹಗಲೆಲ್ಲ ಇರುತ್ತದೆ. ಮೊದಲ ವಾರ ತಲೆ ಸಿಡಿಯುತ್ತಿತ್ತು, ಈಗ ಅದು ನಿಂತರೆ ಏನೋ ಕಳೆದುಹೋದಂತಾಗುತ್ತದೆ. ಗುರುವಾರ ಅದು ಥಟ್ಟನೆ ನಿಂತಿತು. ಅಡುಗೆಯವನು ಸೌಟು ಹಿಡಿದುಕೊಂಡೇ ಹೊರಗೆ ಬಂದ. ನಾನು ಒದ್ದೆ ಅಂಗಿಯನ್ನು ಹೆಗಲ ಮೇಲೆ ಹಾಕಿಕೊಂಡೇ ಓಡಿದೆ. ಯಂತ್ರದ ಕೊಳವೆಯೊಳಗಿಂದ ಕಲ್ಲು ಉದ್ದುದ್ದ ಕೋಲಿನಂತೆ ಹೊರಬರುತ್ತದೆ. ಅದನ್ನು ಬಂದ ಕ್ರಮದಲ್ಲೇ ಮರದ ತಟ್ಟೆಯಲ್ಲಿ ಜೋಡಿಸುತ್ತಾರೆ. ಬೂದು ಕಲ್ಲು, ಬೂದು ಕಲ್ಲು, ಮತ್ತೆ ಬೂದು ಕಲ್ಲು, ಆಮೇಲೆ ಬೆಳ್ಳಗಿನ ಬೆಣಚು, ಅದರ ನಂತರ ಅಕ್ಕಾ, ಒಂದು ಮೊಳದುದ್ದ ಕಪ್ಪು ಕನ್ನಡಿಯ ಚೂರುಗಳನ್ನು ಒತ್ತಿ ಮಾಡಿದಂಥ ಕಲ್ಲು! ಚೌಕ ಚೌಕ ಮೆಟ್ಟಿಲು ಮೆಟ್ಟಿಲಾಗಿ ಹೊಳೆಯುತ್ತಿತ್ತು. ಎತ್ತಿದರೆ ಕೈ ಕೆಳಗಿಳಿಯುವಷ್ಟು ಭಾರ. ಅದು ಸೀಸದ ಅದಿರು. ಅದರ ಅಂಚಿನಲ್ಲಿ ಜೇನಿನ ಬಣ್ಣದ ಇನ್ನೊಂದು ಪಟ್ಟಿ. ಅದನ್ನು ಗೀರಿ ಒಂದು ತೊಟ್ಟು ಆಸಿಡ್ ಬಿಟ್ಟರು ನೋಡು, ಕೊಳೆತ ಮೊಟ್ಟೆಯ ನಾತ! ಹಾಗೆ ನಾತ ಬಂದರೆ ಸತು ಇದೆ ಎಂದು ಅರ್ಥವಂತೆ. ನಾನು ಮೂಗು ಮುಚ್ಚಿಕೊಂಡದ್ದನ್ನು ನೋಡಿ ಡ್ರಿಲ್ಲರ್, 'ಮೂಗು ಬಿಡಿ ಅಮ್ಮಾವ್ರೆ, ಇದು ನಮ್ಮೆಲ್ರ ಸಂಬಳದ ವಾಸ್ನೆ' ಎಂದ.

'ರೀ, ಬೆಳ್ಳಿ ಎಲ್ಲಿ?' ಎಂದು ನಾನು ಕೇಳಿದೆ. 'ಸೀಸದ ಹೊಟ್ಟೆಯೊಳಗೆ. ಕಣ್ಣಿಗೆ ಕಾಣಲ್ಲ' ಎಂದರು. ನನಗೆ ಒಂದು ಕ್ಷಣ ಪೆಚ್ಚೆನಿಸಿದ್ದು ನಿಜ. ಇಷ್ಟು ವರ್ಷ ನಾನು ಅದನ್ನು ತಂಬಿಗೆಯಂತೆ ಬೆಳ್ಳಗೆ ಫಳಫಳ ಎಂದುಕೊಂಡಿದ್ದೆ. ಅಷ್ಟರಲ್ಲಿ, ದಿನಕ್ಕೆ ಹತ್ತು ಮಾತಾಡದ ಈ ಮನುಷ್ಯ ಎಲ್ಲರೆದುರಿಗೆ ನನ್ನನ್ನು ಎತ್ತಿ ಒಂದು ಸುತ್ತು ತಿರುಗಿಸಿಬಿಟ್ಟರು! ನನ್ನ ಚಪ್ಪಲಿ ಕೆಸರಲ್ಲೇ ಉಳಿಯಿತು. ಅಡುಗೆಯವನು ಸೌಟಿನಿಂದ ಮುಖ ಮುಚ್ಚಿಕೊಂಡ. ಜೀಪು ಹತ್ತಿ ಪೇಟೆಗೆ ಹೋಗಿ ಅಪ್ಪನಿಗೆ ತಂತಿ ಕೊಟ್ಟೆವು: 'ಸಿಕ್ಕಿತು ಅಪ್ಪಾ.' ಅದು ತಲುಪಿದಾಗ ಅಪ್ಪನ ಮುಖ ಹೇಗಿತ್ತು? ಕಿಟಕಿ ಪಕ್ಕದ ಕುರ್ಚಿಯಿಂದ ಏಳಲು ಹೋಗಲಿಲ್ಲ ತಾನೇ? ಸೊಂಟದ ಮೂಳೆ ಮುರಿದುಕೊಂಡವರು ಎನ್ನುವುದು ಆ ಗಳಿಗೆಯಲ್ಲಿ ನನಗೆ ನೆನಪಾಗಲೇ ಇಲ್ಲ.

ಈ ಗುಡ್ಡದ ಕಥೆ ನಿನಗೆ ಪೂರ್ತಿ ಗೊತ್ತಿಲ್ಲ. ಅಪ್ಪ ಶುರು ಮಾಡುತ್ತಿದ್ದ ಹಾಗೇ ನೀನು ತಟ್ಟೆ ಎತ್ತಿಕೊಂಡು ಎದ್ದುಹೋಗುತ್ತಿದ್ದೆ. ಅಮ್ಮ ಹೋದ ಮೇಲೆ ಮನೆಯ ಭಾರವೆಲ್ಲ ನಿನ್ನ ತಲೆಯ ಮೇಲೆ ಬಿದ್ದಾಗ, ಬೆಳ್ಳಿಯ ಕಥೆ ಕೇಳಲು ಪುರುಸೊತ್ತಿದ್ದವಳು ನಾನೊಬ್ಬಳೇ. ಹಾಗಾಗಿ ಈಗ ಕೇಳು, ಇದಕ್ಕೊಂದು ಕಾರಣವಿದೆ.

ಮೊದಲು ಬಂದವರು ಯಾರೋ, ಎಂದೋ. ಗುಡ್ಡದ ನೆತ್ತಿಯಲ್ಲಿ ಕಪ್ಪು ಕಲೆ ಕಂಡು ಅಲ್ಲಿಂದ ಕೆಳಗೆ ಅಗೆದರು. ಬಂಡೆಗೆ ಬೆಂಕಿ ಹಾಕಿ, ನೀರು ಸುರಿದು ಸೀಳಿಸಿ, ಒಬ್ಬ ಮನುಷ್ಯ ನುಸುಳುವಷ್ಟೇ ಅಗಲ ತೋಡಿಕೊಂಡು ಇಳಿದರು. ಒಳಗೆ ನೀರು ಉಕ್ಕಿದಾಗ ಬಿಟ್ಟುಹೋದರು. ಆಮೇಲೆ ಒಂದು ಹೊರದೇಶದ ಕಂಪನಿ ಬಂತು. ಅವರು ಜಾಣರು, ಗುಡ್ಡದ ಬುಡದಿಂದ ಅಡ್ಡಲಾಗಿ ಸುರಂಗ ಕೊರೆದು, ಕಬ್ಬಿಣದ ಹಳಿ ಹಾಕಿ, ತೊಟ್ಟಿಗಾಡಿಯಲ್ಲಿ ಅದಿರು ತಳ್ಳಿದರು. ಎಳೆ ಎದೆಯಗಲ ಇತ್ತಂತೆ. ಒಂದು ದಿನ ಅದು ಚಾಕುವಿನಿಂದ ಕೊಯ್ದ ಹಾಗೆ ತುಂಡಾಗಿ ನಿಂತುಹೋಯಿತು. ಎಂದೋ ಒಂದು ಕಾಲದಲ್ಲಿ ಗುಡ್ಡವೇ ಅಲ್ಲಿ ಬಿರಿದು ಜಾರಿತ್ತು, ಎಳೆಯ ಇನ್ನರ್ಧವನ್ನೂ ತನ್ನ ಜೊತೆ ಒಯ್ದಿತ್ತು. ಆ ಬಿರುಕನ್ನು ಅಪ್ಪ 'ಕೊಯ್ತ' ಎನ್ನುತ್ತಿದ್ದರಲ್ಲ, ಅದೇ. ಕಂಪನಿಯವರು ಹಳಿ ಕಿತ್ತುಕೊಂಡು ಹೊರಟುಹೋದರು.

ಮೂರನೆಯವರು ನಮ್ಮ ಅಪ್ಪ. ಹೂತುಹೋಗಿದ್ದ ಸುರಂಗದ ಬಾಯಿ ತೆಗೆಸಿ, ಮೊಣಕಾಲುದ್ದ ಕೆಸರಲ್ಲಿ ನಡೆದು ಕೊನೆಯವರೆಗೂ ಹೋದ ಗಣಿ ಇಲಾಖೆಯ ಮೊದಲ ಮನುಷ್ಯ. ಆ ಕೊಯ್ತ ಕಣ್ಣಿಗೆ ಕಾಣುವುದು ಸುರಂಗದ ಕೊನೆಯ ಗೋಡೆಯಲ್ಲಿ ಮಾತ್ರ, ಇಡೀ ಗುಡ್ಡದಲ್ಲಿ ಬೇರೆಲ್ಲೂ ಇಲ್ಲ. ಅದು ಯಾವ ಕಡೆಗೆ ಓಡುತ್ತದೆ ಎಂದು ಕಂಪಾಸಿನಲ್ಲಿ ಅಳೆದರೆ, ಜಾರಿದ ಅರ್ಧ ಎಲ್ಲಿ ಅಡಗಿದೆ ಎಂದು ನಕ್ಷೆಯ ಮೇಲೆ ಗೆರೆ ಎಳೆದು ಹೇಳಬಹುದು. ಅಪ್ಪ ಅಳೆದರು. ಮೂವತ್ತೆಂಟು. ನಮ್ಮ ಮನೆಯಲ್ಲಿ ಆ ಸಂಖ್ಯೆ ಕೇಳದೆ ಒಂದು ಊಟವಾದರೂ ಮುಗಿದಿತ್ತೇ? 'ದಿಕ್ಕು ಮೂವತ್ತೆಂಟು ಡಿಗ್ರಿ, ಹಳ್ಳದ ಆಚೆ, ಇನ್ನೊಂದ್ಚೂರು ಆಳಕ್ಕೆ ಹೋಗಿದ್ರೆ ಸಿಗ್ತಿತ್ತು!' ಮೂರು ಬೋರು ಹಾಕಿಸಿದರು, ಮೂರೂ ಖಾಲಿ. ಇಲಾಖೆಯವರು ಅಪ್ಪನನ್ನು ಕಚೇರಿಯ ಮೇಜಿನ ಮುಂದೆ ಕೂರಿಸಿದರು, ಮತ್ತೆಂದೂ ಹೊರಗೆ ಕಳಿಸಲಿಲ್ಲ. ನೆಂಟರು 'ಬೆಳ್ಳಿ ಮಾವ' ಎಂದು ಹೆಸರಿಟ್ಟು ನಕ್ಕರು. ಆಮೇಲೆ ಬಂದ ಇನ್ನೊಂದು ಕಂಪನಿ ಅಪ್ಪನ ನಕ್ಷೆಯನ್ನೇ ಹಿಡಿದು ಮತ್ತೆರಡು ಬೋರು ಹಾಕಿತು, ಅವೂ ಖಾಲಿ. ಈ ಗುಡ್ಡಕ್ಕೆ ಬಂದವರಲ್ಲಿ ಇವರ ಕಂಪನಿಯವರು ಐದನೆಯವರು. ಈ ಹುಡುಗ ಎಲ್ಲಿ ಕೆಲಸ ಮಾಡುತ್ತಾನೆ ಎಂದು ತಿಳಿದ ಕೂಡಲೇ ಅಪ್ಪ ಸಂಬಳ ಕೇಳಲಿಲ್ಲ, ಮನೆತನ ಕೇಳಲಿಲ್ಲ, 'ಸುರಂಗದಲ್ಲಿ ಈಗ್ಲೂ ನೀರು ನಿಲ್ಲತ್ತಾ?' ಎಂದು ಕೇಳಿದರು. ನನ್ನ ಮದುವೆ ನಿಶ್ಚಯವಾದದ್ದು ಆ ಪ್ರಶ್ನೆಯಲ್ಲಿ!

ಇಷ್ಟೆಲ್ಲ ಸಂತೋಷವನ್ನು ಮನೆಗೆ ಬರೆಯದೆ ನೀನು ಕೆಲಸ ಮಾಡುವ ಆಸ್ಪತ್ರೆಯ ವಿಳಾಸಕ್ಕೆ ಏಕೆ ಬರೆದೆ ಎಂದು ನೀನು ಆಗಲೇ ಹುಬ್ಬು ಗಂಟಿಕ್ಕಿರುತ್ತೀಯ. ಮನೆಗೆ ಬಂದ ಪತ್ರವನ್ನು ಅಪ್ಪ ಮೊದಲು ಒಡೆಯುತ್ತಾರೆ. ಇದನ್ನು ಅವರು ಓದಬಾರದು. ಇಲ್ಲಿಂದ ಮುಂದೆ ಬರೆಯಲು ನನಗೆ ಕೈ ಬರುತ್ತಿಲ್ಲ ಅಕ್ಕ, ಆದರೂ ಬರೆಯುತ್ತೇನೆ.

ನಾನು ಬಂದ ಹೊಸದರಲ್ಲಿ ಇವರೂ ಮೊದಲ ಬೋರನ್ನು ಅಪ್ಪನ ಮೂವತ್ತೆಂಟನ್ನು ನಂಬಿಯೇ ಹಾಕಿದ್ದರು. ಖಾಲಿ. ಇವರ ಮುಖ ಸಪ್ಪಗಾಗಿತ್ತು. ಒಂದು ಭಾನುವಾರ ನಾನೇ ಹಟ ಹಿಡಿದೆ, 'ಹನಿಮೂನಿಗೆ ಎಲ್ಲೂ ಹೋಗ್ಲಿಲ್ಲ, ಆ ಸುರಂಗಕ್ಕಾದ್ರೂ ಕರ್ಕೊಂಡು ಹೋಗಿ' ಎಂದು. ಹೋದೆವು. ತಲೆಗೆ ದೀಪ ಕಟ್ಟಿಕೊಂಡು, ಗೋಡೆ ಸವರಿಕೊಂಡು, ಕೊನೆಯವರೆಗೂ ಹೋದೆವು. ಅಲ್ಲಿ ಏನಿತ್ತು ಗೊತ್ತಾ? ಅಪ್ಪ ಮಲಗುವಾಗ ಹೇಳುತ್ತಿದ್ದ ಕಥೆಯ ದಿಬ್ಬ! 'ಸುರಂಗದ ಕೊನೇಲಿ ಒಂದು ಮಣ್ಣಿನ ದಿಬ್ಬ ಇತ್ತು ಪುಟ್ಟಿ, ರಾಜನ ಸಿಂಹಾಸನದ ಥರ. ಅದರ ಮೇಲೆ ಕೂತು ಕಂಪಾಸು ಓದೋದು, ಅಲ್ಲೇ ಬುತ್ತಿ ಬಿಚ್ಚೋದು.' ನನಗೆ ಕುಣಿಯುವ ಹಾಗಾಯಿತು. ನಾನೂ ಅದೇ ದಿಬ್ಬದ ಮೇಲೆ ಕೂತೆ. 'ಕಂಪಾಸು ಕೊಡಿ, ಅಪ್ಪನ ಹಾಗೇ ಓದ್ತೀನಿ' ಎಂದೆ. ಇವರು ನಗುತ್ತ ಕೊಟ್ಟರು, ಹೇಗೆ ಹಿಡಿಯಬೇಕೆಂದು ತೋರಿಸಿದರು. ನಾನು ಓದಿದೆ. ಮೂವತ್ತೆಂಟು! ಕರಾರುವಾಕ್ಕಾಗಿ ಅಪ್ಪನ ಮೂವತ್ತೆಂಟು! ಸುರಂಗವೆಲ್ಲ ಪ್ರತಿಧ್ವನಿಸುವಂತೆ ಕಿರುಚಿ, ಚಪ್ಪಾಳೆ ತಟ್ಟಲು ಹೋಗಿ, ದಿಬ್ಬದಿಂದ ಜಾರಿ ಕೆಸರಿನಲ್ಲಿ ಕೂತೆ. ಇವರು ನನ್ನನ್ನು ಎಬ್ಬಿಸಿ ದೂರ ನಿಲ್ಲಿಸಿದರು. ಕಂಪಾಸು ಇನ್ನೂ ನನ್ನ ಕೈಯಲ್ಲೇ ಇತ್ತು. ನಿಂತಲ್ಲಿಂದಲೇ ಅದೇ ಗೋಡೆಗೆ ಹಿಡಿದು ಮತ್ತೆ ಓದಿದೆ. ಇಪ್ಪತ್ತೊಂದು.

'ರೀ, ಇದು ಕೆಟ್ಟುಹೋಯ್ತು' ಎಂದೆ. ಇವರು ಕಂಪಾಸನ್ನು ಇಸಿದುಕೊಂಡು ದಿಬ್ಬದ ಹತ್ತಿರ ಒಯ್ದರು, ದೂರ ತಂದರು, ಮತ್ತೆ ಒಯ್ದರು. ಆಮೇಲೆ ಕೈಯಿಂದಲೇ ದಿಬ್ಬವನ್ನು ಕೆದರಿದರು. ಮಣ್ಣಿನಡಿಯಲ್ಲಿ ತುಕ್ಕು ಹಿಡಿದ ಒಂದು ಚಕ್ರ, ಇನ್ನಷ್ಟು ಕೆದರಿದರೆ ಒಂದು ಇಡೀ ತೊಟ್ಟಿಗಾಡಿ, ಮಗುಚಿ ಬಿದ್ದದ್ದು. ಹೊರದೇಶದವರು ಹಳಿ ಕಿತ್ತುಕೊಂಡರೇ ಹೊರತು ಕೊನೆಯ ಗಾಡಿಯನ್ನು ಅಲ್ಲೇ ಬಿಟ್ಟಿದ್ದರು, ಚಾವಣಿಯ ಮಣ್ಣು ಅದರ ಮೇಲೆ ಸುರಿದಿತ್ತು.

ಅಪ್ಪ ಕೂತಿದ್ದದ್ದು ಕಬ್ಬಿಣದ ಮೇಲೆ.

ಆ ದಿನ ನನಗೆ ಏನೂ ಹೊಳೆಯಲಿಲ್ಲ. ಇವರ ಕಣ್ಣಲ್ಲಿ ಮತ್ತೆ ಬೆಳಕು ಬಂತಲ್ಲ, ನನಗೆ ಅಷ್ಟೇ ಕಂಡದ್ದು. ಇಪ್ಪತ್ತೊಂದನ್ನು ಹಿಡಿದು ಹೊಸ ಗೆರೆ ಎಳೆದರು, ಹೊಸ ಜಾಗದಲ್ಲಿ ಬೋರು ಹಾಕಿದರು, ಗುರುವಾರ ಸಿಕ್ಕಿತು. ನಾನು ತಂತಿ ಕೊಟ್ಟೆ. ಶನಿವಾರ ಇವರ ಕಂಪನಿಯ ದೊಡ್ಡ ಸಾಹೇಬರು ಬಂದು ಅಪ್ಪನ ಹಳೆಯ ನಕ್ಷೆಯನ್ನೂ ಇವರ ಹೊಸ ನಕ್ಷೆಯನ್ನೂ ಕಿಟಕಿಯ ಗಾಜಿಗೆ ಒಂದರ ಮೇಲೊಂದು ಒತ್ತಿ ಹಿಡಿದರು. ಎರಡು ಗೆರೆಗಳು ಒಂದೇ ಚುಕ್ಕೆಯಿಂದ ಹೊರಟು ಕತ್ತರಿಯ ಹಾಗೆ ಬಿಚ್ಚಿಕೊಂಡವು. ಒಂದರ ತುದಿಯಲ್ಲಿ ಅಪ್ಪನ ಮೂರೂ ಬೋರು. ಇನ್ನೊಂದರ ತುದಿಯಲ್ಲಿ ಬೆಳ್ಳಿ. ಎರಡು ತುದಿಗಳ ನಡುವೆ ನಮ್ಮ ಬೀದಿಯಷ್ಟು ಉದ್ದವೂ ಇಲ್ಲ ಅಕ್ಕ. ಆಗ ನನಗೆ ಹೊಳೆಯಿತು. ಆಮೇಲೆ ಬಂದವರೆಲ್ಲ ಖಾಲಿ ಕೈಯಲ್ಲಿ ಹೋದದ್ದು, ಅಪ್ಪ ಮೇಜಿನ ಮುಂದೆ ಮುದುಕರಾದದ್ದು, ನೀನು ತಟ್ಟೆ ಎತ್ತಿಕೊಂಡು ಎದ್ದದ್ದು, ಎಲ್ಲ ಆ ದಿಬ್ಬದಿಂದಲೇ.

ಬೇರೆ ಯಾರೇ ಆಗಿದ್ದರೂ 'ಅಯ್ಯೋ ಹೌದಾ' ಎಂದು ನಕ್ಕು ಸುಮ್ಮನಾಗುತ್ತಿದ್ದರೇನೋ. ನಮ್ಮ ಅಪ್ಪ! ತಾರಸಿಯ ಮೇಲೆ ಕಂಪಾಸು ಪರೀಕ್ಷಿಸುವಾಗ ನಿನ್ನ ಜಡೆಯ ಹೇರ್‌ಪಿನ್ನನ್ನೂ ಬಿಚ್ಚಿಸಿದವರು. 'ಕಬ್ಬಿಣ ಪಕ್ಕದಲ್ಲಿದ್ರೆ ಮುಳ್ಳು ಸುಳ್ಳು ಹೇಳತ್ತೆ' ಎಂದು ನಮಗೆ ಮಗ್ಗಿಗಿಂತ ಮೊದಲು ಕಲಿಸಿದವರು. ಸೊಂಟದಲ್ಲಿ ಸುತ್ತಿಗೆ ಸಿಕ್ಕಿಸಿಕೊಂಡು ಕಂಪಾಸು ಓದಿದ ಒಬ್ಬ ಹೊಸಬನನ್ನು ಅದೇ ದಿನ ಕ್ಯಾಂಪಿನಿಂದ ಮನೆಗೆ ಕಳಿಸಿದವರು. ಆ ಹೊಸಬ ಯಾರು ಗೊತ್ತಾ? ಈಗಿನ ದೊಡ್ಡ ಸಾಹೇಬರು. ಅವರೇ ಹೇಳಿದರು. 'ಒಂದು ಸುತ್ತಿಗೆಗೆ ನನ್ನನ್ನ ವಾಪಸ್ ಕಳಿಸಿದ್ರಮ್ಮಾ ನಿಮ್ಮ ತಂದೆ. ಆವತ್ತಿಂದ ನಾನು ಕಂಪಾಸು ಹಿಡಿದಾಗ ಜೇಬಲ್ಲಿ ಕೀ ಸಹ ಇಟ್ಕೊಂಡಿಲ್ಲ' ಎಂದು ನಕ್ಕರು. ಆ ನಗು ಪ್ರೀತಿಯದೋ ಇನ್ನೇನೋ, ನನಗೆ ಇನ್ನೂ ತಿಳಿಯುತ್ತಿಲ್ಲ.

ಇವರ ಜೊತೆ ಮೊದಲ ಜಗಳವಾಯಿತು. ಬರೆಯಬಾರದೆಂದಿದ್ದೆ, ಬರೆದೆ. ರಿಪೋರ್ಟಿನಲ್ಲಿ ಆ ಗಾಡಿಯ ವಿಷಯ ಬಿಡಿ ಎಂದು ಕೈ ಮುಗಿದು ಕೇಳಿದೆ. 'ಹೇಗೆ ಬಿಡ್ಲಿ? ಇಪ್ಪತ್ತೊಂದು ಎಲ್ಲಿಂದ ಬಂತು ಅಂತ ಹೇಳ್ದಿದ್ರೆ ಮುಂದಿನವನು ಮತ್ತೆ ಹಳೇ ನಕ್ಷೆ ಹಿಡ್ಕೊಂಡು ಖಾಲಿ ಬೋರು ಹಾಕ್ತಾನೆ' ಎಂದರು. ಸ್ವಲ್ಪ ಹೊತ್ತಿನ ಮೇಲೆ ತಾವಾಗಿಯೇ ಬಂದು ಪಕ್ಕದಲ್ಲಿ ಕೂತು, 'ಯಾರು ಕೂತಿದ್ರೂ ಅದೇ ಓದ್ತಿದ್ರು ಕಣೇ. ಕಣ್ಣಿಗೆ ಕಾಣದ ಕಬ್ಬಿಣ. ಆಚೆ ಬದಿ ಅದಿರಿದೆ ಅಂತ ಮಾವ ಹಟ ಹಿಡೀದೆ ಇದ್ದಿದ್ರೆ ಈ ಗುಡ್ಡಕ್ಕೆ ಮತ್ತೆ ಯಾರೂ ಬರ್ತಾನೇ ಇರ್ಲಿಲ್ಲ' ಎಂದರು. ಎಷ್ಟು ಒಳ್ಳೆಯ ಮಾತು! ಅಪ್ಪನಿಗೆ ಇದು ಯಾವುದೂ ಮುಟ್ಟುವುದಿಲ್ಲ ಎಂದು ನಿನಗೂ ಗೊತ್ತು, ನನಗೂ ಗೊತ್ತು. ಅವರಿಗೆ ಕೇಳಿಸುವುದು ಒಂದೇ: ಕಬ್ಬಿಣದ ಮೇಲೆ ಕೂತು ಓದಿದೆ.

ನಾನು ಸುಳ್ಳು ಹೇಳಲೂ ಸಿದ್ಧ. ಮೂವತ್ತೆಂಟೇ ಅಪ್ಪಾ, ನೀವು ಹೇಳಿದ ಹಾಗೇ, ಎಂದುಬಿಡುತ್ತಿದ್ದೆ. ಆದರೆ ದೊಡ್ಡ ಸಾಹೇಬರು ಈ ಶನಿವಾರ ನಮ್ಮ ಮನೆಗೆ ಹೋಗುತ್ತಿದ್ದಾರೆ. ಅಪ್ಪನಿಗೆ ಸನ್ಮಾನವಂತೆ. ಶಾಲು, ಅದಿರಿನ ಒಂದು ತುಂಡು, ಅದರ ಜೊತೆ ಹೊಸ ನಕ್ಷೆ, ಗಾಜಿನ ಕಟ್ಟು ಹಾಕಿಸಿ. ಬೇಡಿ ಸಾರ್, ಅದಿರಿನ ತುಂಡು ಸಾಕು ಎಂದು ನಾನು ಹೇಳಿ ನೋಡಿದೆ. 'ನಕ್ಷೆ ಇಲ್ದೆ ಬರೀ ಕಲ್ಲು ಕೊಟ್ರೆ ನಿಮ್ಮ ತಂದೆ ನನ್ನನ್ನ ಎರಡನೇ ಸಲ ವಾಪಸ್ ಕಳಿಸ್ತಾರೆ' ಎಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ, ಏನು ಮಾಡಲಿ? ಅಪ್ಪ ಭೂತಗನ್ನಡಿ ತೆಗೆಸಿಕೊಂಡು ನೋಡುತ್ತಾರೆ. ಶಾಲನ್ನು ನೋಡುವುದಿಲ್ಲ, ಕಲ್ಲನ್ನು ಆಮೇಲೆ ನೋಡುತ್ತಾರೆ. ಮೊದಲು ನೋಡುವುದು ಆ ಗೆರೆಯ ಪಕ್ಕದ ಸಂಖ್ಯೆಯನ್ನು. 'ಇದ್ಯಾಕೆ ಇಪ್ಪತ್ತೊಂದು?' ಎನ್ನುತ್ತಾರೆ. ಅಷ್ಟು ಜನರ ಮುಂದೆ, ಶಾಲು ಹೊದ್ದುಕೊಂಡು.

ನಾನು ಸಣ್ಣವಳಿದ್ದಾಗಿನಿಂದ ನೀನು ನನಗೆ ಎಲ್ಲದಕ್ಕೂ ಏನು ಮಾಡಬೇಕೆಂದು ಹೇಳಿದ್ದೀಯ. ಇದಕ್ಕೆ ಹೇಳು. ನೀನಾದರೂ ಏನು ಹೇಳುತ್ತೀಯ! 'ಆ ಬೆಳ್ಳೀನ ಇನ್ನಾದ್ರೂ ಬಿಡಿ' ಎಂದು ಅವರ ಮುಖಕ್ಕೆ ಹೇಳಿದವಳು ನೀನು, ಆದರೆ ಅವರ ಮೇಜಿನ ಮೇಲಿನ ಆ ಸುರಂಗದ ಕಲ್ಲನ್ನು ವಾರಕ್ಕೊಮ್ಮೆ ಒರೆಸಿಡುವವಳೂ ನೀನೇ. ನನಗೆ ಅದು ಗೊತ್ತಿದೆ. ಇವತ್ತು ಬೆಳಿಗ್ಗೆಯಿಂದ ನಾನು ಒಂದೇ ಯೋಚನೆ ಮಾಡುತ್ತಿದ್ದೇನೆ: ಆ ಭಾನುವಾರ ನಾನು ಆ ದಿಬ್ಬದ ಮೇಲೆ ಕೂರದಿದ್ದರೆ ಬೆಳ್ಳಿಯೂ ಸಿಗುತ್ತಿರಲಿಲ್ಲ, ಇದೂ ಆಗುತ್ತಿರಲಿಲ್ಲ. ಅಪ್ಪ ಇದ್ದಷ್ಟು ದಿನ 'ಇದೆ, ಇದೆ' ಎಂದುಕೊಂಡೇ ಇರುತ್ತಿದ್ದರು. ಯಾವುದು ಒಳ್ಳೆಯದಿತ್ತು ಅಕ್ಕ? ಸಿಕ್ಕಿದ್ದಕ್ಕೆ ಕುಣಿಯುತ್ತಲೇ ಇದ್ದೇನೆ, ನಿಂತರೆ ಅಳು ಬರುತ್ತದೆ.

ಇವರು ಪಕ್ಕದ ಕೋಣೆಯಲ್ಲಿ ರಿಪೋರ್ಟು ಬರೆಯುತ್ತಿದ್ದಾರೆ. ಅಪ್ಪನ ಹೆಸರು ಬರೆಯುವುದಿಲ್ಲ ಎಂದಿದ್ದಾರೆ. ಹಳೆಯ ನಕ್ಷೆಯ ಮೂಲೆಯಲ್ಲಿ ಅಪ್ಪನ ಸಹಿ ಮಾತ್ರ ಎಷ್ಟು ಚೆನ್ನಾಗಿದೆ ಗೊತ್ತಾ, ಕಪ್ಪು ಶಾಯಿ, ಬಾಲ ಎಳೆದದ್ದು. ಆಗ ಅಪ್ಪನಿಗೆ ಇವರಷ್ಟೇ ವಯಸ್ಸು.

ನಾಳೆ ಬೆಳಿಗ್ಗೆಯ ಜೀಪಿನಲ್ಲಿ ಈ ಪತ್ರ ಪೇಟೆಗೆ ಹೋಗುತ್ತದೆ. ಓದಿ ಆಸ್ಪತ್ರೆಯ ನಿನ್ನ ಬೀರುವಿನಲ್ಲಿಡು, ಮನೆಗೆ ಒಯ್ಯಬೇಡ. ಅಪ್ಪನ ಎದುರು ಸಾಧ್ಯವಾದಷ್ಟು ಸಂತೋಷವಾಗಿರು, ನಿನಗೆ ಅದು ಕಷ್ಟ ಎಂದು ಗೊತ್ತು.

ಏನೂ ತೋಚದೆ ಕೂತಿರುವ,
ನಿನ್ನ ಗಿಲಕಿ

ತಾ.ಕ.: ಮಂಗಳವಾರ ಬೆಳಿಗ್ಗೆ. ಲಕೋಟೆ ಅಂಟಿಸುವ ಮೊದಲೇ ಪೇಟೆಯಿಂದ ಅಪ್ಪನ ತಂತಿ ಬಂತು. ಆಶೀರ್ವಾದ ಇಲ್ಲ, ಸಂತೋಷ ಎಂದಿಲ್ಲ, ಒಂದೇ ಒಂದು ಪದ: 'ಮೂವತ್ತೆಂಟೇ?' ಉತ್ತರದ ದುಡ್ಡನ್ನೂ ಅವರೇ ಕಟ್ಟಿದ್ದಾರೆ. ತಂತಿಯವನು ಉತ್ತರಕ್ಕೆಂದು ಬಾಗಿಲಲ್ಲೇ ನಿಂತಿದ್ದ. ಹೌದು ಎಂದು ಬರೆದೆ, ಹೊಡೆದುಹಾಕಿದೆ. ಇಲ್ಲ ಎಂದು ಬರೆದೆ, ಅದನ್ನೂ ಹೊಡೆದುಹಾಕಿದೆ. ಇವರು ಬಂದು ನೋಡಿ, ನನ್ನ ತಲೆ ಸವರಿ ಹೋದರು. ಕೊನೆಗೆ ನಾನು ಕೊಟ್ಟ ಉತ್ತರ ಇಷ್ಟೇ, ಅಪ್ಪ ಕೇಳಿದರೆ ಇದಕ್ಕಿಂತ ಹೆಚ್ಚು ನಿನಗೂ ಗೊತ್ತಿಲ್ಲ: 'ಶುಕ್ರವಾರ ಬೆಳಗಿನ ಪ್ಯಾಸೆಂಜರ್‌ಗೆ ಬರುತ್ತಿದ್ದೇನೆ.'